ಹಗುರ ಗಿಟಾರಿಗೊಂದು ಕುತ್ತಿಗೆ

ಗಿಟಾರಿನ ಕುತ್ತಿಗೆಗೆ ಯಾವ ಕಟ್ಟಿಗೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಟ್ಟನೆ ಒಂದು ಹೆಸರು ಹೇಳುವುದಿಲ್ಲ. ಮೊದಲು ಗಿಟಾರಿನ ಒಡಲು ತೋರಿಸಿ ಅನ್ನುತ್ತೇನೆ. ಕೇಳಿದವರಿಗೆ ಇದು ಜಂಬದ ಮಾತಾಗಿ ಕಾಣುತ್ತದೆ. ಜಂಬವಲ್ಲ, ಹೆದರಿಕೆ. ಒಡಲು ಒಂದು ಕಡೆ ಎಳೆದು ಕುತ್ತಿಗೆ ಇನ್ನೊಂದು ಕಡೆ ಎಳೆಯುವ ಗಿಟಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥವು ಬಾರಿಸುವವರ ಕೈಯಲ್ಲಿ ಒಂದು ದಿನವೂ ಸುಖವಾಗಿ ಕೂರಲಿಲ್ಲ.

ಜಮಖಂಡಿಯ ಒಂದು ವಾದ್ಯದ ಅಂಗಡಿಯಲ್ಲಿ ನನ್ನ ದುಡಿಮೆಯ ಆಯುಷ್ಯವೆಲ್ಲ ಕಳೆಯಿತು. ಹೋದ ವರ್ಷ ಉಳಿಯನ್ನೂ ಕಟ್ಟಿಗೆ ಹೆರೆಯುವ ರಂದಾವನ್ನೂ ಕೆಳಗಿಟ್ಟೆ. ಅಂಗಡಿಯನ್ನು ಈಗ ನಡೆಸುತ್ತಿರುವವಳು ನನ್ನ ಮಾಲಕರ ಮೊಮ್ಮಗಳು ಸುರೇಖಾ. ಅವಳ ಹತ್ತಿರ ಕೆಲಸ ಕಲಿಯಲು ಹೊಸಬರು ಬಂದಿದ್ದಾರೆ. "ಕಾಕಾ, ಮಷೀನ್ ನಡಸೂದು ನಾ ಕಲಸ್ತೇನಿ. ಕಟ್ಟಿಗಿ ಆರಸೂದು ಹೆಂಗ ಅನ್ನೂದನ್ನ ನೀವ ಬರದ್ ಕೊಡ್ರಿ" ಎಂದು ಅವಳು ಹಟ ಹಿಡಿದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ಗೊತ್ತಾಯಿತು, ಆರಿಸುವುದನ್ನು ಬರೆದು ಕಲಿಸಲು ಬರುವುದಿಲ್ಲ. ಆರಿಸಿದ ಮೇಲೆ ಏನೇನಾಯಿತು ಎಂದಷ್ಟೇ ಹೇಳಬಹುದು.

ನಾನು ಸೇರಿದಾಗ ಅಂಗಡಿಯಲ್ಲಿ ಗಿಟಾರ್ ಇರಲಿಲ್ಲ. ಮಾಲಕರಾದ ದತ್ತೋಬಾ ಅವರು ತಂಬೂರಿ ಮಾಡುತ್ತಿದ್ದರು, ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಮಿರಜದಲ್ಲಿ ಕೆಲಸ ಕಲಿತು ಬಂದ ಮನುಷ್ಯ. ಸಿಟ್ಟು ಬಹಳ. ಆದರೆ ಸಿಟ್ಟು ಬಂದಾಗ ಬೈಯುತ್ತಿರಲಿಲ್ಲ, ಮರಾಠಿಯಲ್ಲಿ ಅಭಂಗ ಗುನುಗುತ್ತಿದ್ದರು. ಅಭಂಗ ಕಿವಿಗೆ ಬಿದ್ದ ಕೂಡಲೇ ನಾವು ಕೈಯಲ್ಲಿದ್ದ ಕೆಲಸವನ್ನು ಮತ್ತೊಮ್ಮೆ ನೋಡಿಕೊಳ್ಳುತ್ತಿದ್ದೆವು.

ಮೊದಲ ಗಿಟಾರು ತಂದವರು ಮುಧೋಳದ ಒಬ್ಬ ಬಸ್ ಡ್ರೈವರು. ಡ್ಯೂಟಿ ಮುಗಿದ ಮೇಲೆ ಡಿಪೋದ ಕಟ್ಟೆಯ ಮೇಲೆ ಕೂತು ಬಾರಿಸುತ್ತಿದ್ದರಂತೆ. ಕುತ್ತಿಗೆ ಮುರಿದಿತ್ತು. ದತ್ತೋಬಾ ಅವರು ಹಿಂದೆಮುಂದೆ ನೋಡದೆ ತಂಬೂರಿಗೆ ಹಾಕುವ ತೂನ್ ಕಟ್ಟಿಗೆಯಲ್ಲೇ ಹೊಸ ಕುತ್ತಿಗೆ ಮಾಡಿ ಕೂರಿಸಿದರು. ತೂನ್ ಹಗುರ, ಕೆಂಪಗೆ ಚೆಲುವಾಗಿ ಕಾಣುತ್ತದೆ, ಉಳಿಗೆ ಬೆಣ್ಣೆಯಂತೆ ಸಿಗುತ್ತದೆ. ಡ್ರೈವರು ಸಂತೋಷದಿಂದ ಒಯ್ದರು. ಕೆಲವೇ ವಾರಗಳಲ್ಲಿ ಹೆಗಲ ಮೇಲೆ ಹೊತ್ತುಕೊಂಡು ತಿರುಗಿ ಬಂದರು.

"ದತ್ತೋಬಾ, ನಾ ಗಿಟಾರ ಕೊಟ್ಟಿದ್ದೆ. ನೀವು ಬಿಲ್ಲ ಮಾಡಿ ಕೊಟ್ಟೀರಿ. ಬಾಣ ಎಲ್ಲಿ ಅದಾವ್ರಿ?"

ನಿಜವಾಗಿಯೂ ಬಿಲ್ಲೇ. ತಂತಿಗಳ ಎಳೆತಕ್ಕೆ ಕುತ್ತಿಗೆ ಮುಂದಕ್ಕೆ ಬಾಗಿತ್ತು. ತಂತಿಯ ಕೆಳಗೆ ನನ್ನ ಹೆಬ್ಬೆರಳು ಸಲೀಸಾಗಿ ತೂರುತ್ತಿತ್ತು. ನಾನು ಅಭಂಗಕ್ಕಾಗಿ ಕಾದೆ. ದತ್ತೋಬಾ ಅವರು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೆ ನೋಡಿದರು, ಮತ್ತೆ ನೋಡಿದರು, ಆಮೇಲೆ ಜೋರಾಗಿ ನಕ್ಕರು.

"ತಂಬೂರಿ ತಂತಿ ಬ್ಯಾರೆ, ಇದರ ತಂತಿ ಬ್ಯಾರೆ. ನನಗ ಹೊಳೀಲೇ ಇಲ್ಲ ನೋಡ್ರಿ. ತಪ್ಪಾತು. ಕೂಡ್ರಿ, ಚಾ ಕುಡೀರಿ."

ಮೇಲಿನವರ ಬಾಯಿಂದ 'ತಪ್ಪಾತು' ಎಂಬ ಮಾತು ಅಷ್ಟು ಸಲೀಸಾಗಿ ಬಂದದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ. ಅಲ್ಲಿಯವರೆಗೆ ಏನಾದರೂ ಕೆಟ್ಟರೆ ಏನು ಗತಿ ಎಂಬ ಭಯ ನನ್ನ ಎದೆಯಲ್ಲಿ ಸದಾ ಇರುತ್ತಿತ್ತು. ಅವತ್ತಿನಿಂದ ಅದು ಅರ್ಧ ಇಳಿಯಿತು. ಆ ಗಿಟಾರಿಗೆ ಗಟ್ಟಿಯಾದ ಸೀಸಂ ಕಟ್ಟಿಗೆಯ ಕುತ್ತಿಗೆ ಹಾಕಿದೆವು. ಒಡಲು ಭಾರದ್ದಿತ್ತು, ಸೀಸಮ್ಮಿನ ಭಾರವನ್ನು ತಡೆಯಿತು. ಡ್ರೈವರು ನಿವೃತ್ತಿಯಾಗುವವರೆಗೆ ಅದನ್ನೇ ಬಾರಿಸಿದರು.

ಇನ್ನೊಂದು ಪಾಠ ಬೀಳಗಿಯ ಒಬ್ಬ ಸಾಲಿ ಮಾಸ್ತರರಿಂದ ಬಂತು. ಮಳೆಗಾಲದಲ್ಲಿ ನಮ್ಮಿಂದ ಒಯ್ದ ಗಿಟಾರನ್ನು ಅವರು ಬಿರುಬೇಸಿಗೆಯಲ್ಲಿ ವಾಪಸು ತಂದರು. ಎಡಗೈಯ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದರು.

"ಇದು ಕಚ್ಚತೈತ್ರಿ" ಅಂದರು.

ಕುತ್ತಿಗೆಯ ಮೇಲೆ ಅಡ್ಡಡ್ಡ ಕೂರಿಸುವ ಲೋಹದ ಪಟ್ಟಿಗಳ ತುದಿಗಳು ಎರಡೂ ಪಕ್ಕಕ್ಕೆ ಹೊರಗೆ ಬಂದಿದ್ದವು. ಪಟ್ಟಿ ಬೆಳೆದಿರಲಿಲ್ಲ. ಕಟ್ಟಿಗೆ ಕುಗ್ಗಿತ್ತು. ಘಟ್ಟದ ಕಡೆಯಿಂದ ತರಿಸಿದ ಹಸಿ ಕಟ್ಟಿಗೆಯನ್ನು ನಾವು ಅವಸರದಲ್ಲಿ ಕೊಯ್ದಿದ್ದೆವು. ನಮ್ಮ ಕಡೆಯ ಏಪ್ರಿಲ್ ತಿಂಗಳು ಕಟ್ಟಿಗೆಯನ್ನು ಹಿಂಡಿ ಹಾಕುತ್ತದೆ ಎಂಬುದು ಆ ಮಾಸ್ತರರ ಬೆರಳುಗಳಿಂದ ನಮಗೆ ತಿಳಿಯಿತು. ಅಂದಿನಿಂದ ಎಲ್ಲಿಂದ ಬಂದ ಕಟ್ಟಿಗೆಯೇ ಇರಲಿ, ನಮ್ಮ ಅಟ್ಟದ ಮೇಲೆ ಒಂದು ಬೇಸಿಗೆ ಕಳೆಯದೆ ಕೆಳಗಿಳಿಯುವಂತಿರಲಿಲ್ಲ. ಒಳಗಿನ ತೇವ ತಿಳಿಯಲು ನಾವು ತುಂಡನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದೆವು. ತಣ್ಣಗೆ ಹತ್ತಿದರೆ ಮತ್ತೆ ಅಟ್ಟಕ್ಕೆ. ಈಗ ಸುರೇಖಾ ತೇವ ಅಳೆಯುವ ಸಣ್ಣ ಮಷೀನು ತಂದಿದ್ದಾಳೆ. ಮುಳ್ಳಿನಂಥ ಎರಡು ಮೊನೆ ಚುಚ್ಚಿದರೆ ಅಂಕಿ ತೋರಿಸುತ್ತದೆ. ಹಳಬರು ಇಂಥದಕ್ಕೆ ಮೂಗು ಮುರಿಯುತ್ತಾರೆ. ನನಗೆ ಮಾತ್ರ ಅದನ್ನು ನೋಡಿದಾಗ ಹೆಗಲ ಮೇಲಿನ ಚೀಲ ಇಳಿಸಿದಂತಾಯಿತು. ಕೆನ್ನೆ ಸುಳ್ಳು ಹೇಳಿದ ದಿನಗಳೂ ಇದ್ದವು.

ಇಷ್ಟು ಹೇಳಿದ್ದು, ಮುಂದಿನ ಸಂಗತಿ ಅರ್ಥವಾಗಲಿ ಎಂದು. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಬಂದದ್ದು ಇದು. ಬೇರೆಲ್ಲ ಮರೆತರೂ ಇದೊಂದು ಮರೆಯಲಾರೆ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಮುಂಜಾನೆ ತೇರದಾಳದಿಂದ ಪದ್ಮಾವತಿ ಎಂಬ ಹೆಣ್ಣುಮಗಳು ಅಂಗಡಿಗೆ ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಕಂಕುಳಲ್ಲಿ ಹಳೆಯ ಬನಹಟ್ಟಿ ಸೀರೆಯ ಗಂಟು. ಅದನ್ನು ಕೂಸಿನಂತೆ ಮೇಜಿನ ಮೇಲೆ ಮಲಗಿಸಿ ಬಿಚ್ಚಿದರು. ಒಳಗೆ ಕರೆಂಟಿನ ಗಿಟಾರಿನ ಒಡಲು. ಬರೀ ಒಡಲು, ಬಣ್ಣವಿಲ್ಲದ್ದು. ಎತ್ತಿ ನೋಡಿದೆ. ಕೈ ಅಂದಾಜು ತಪ್ಪಿ ಮೇಲಕ್ಕೆ ಹಾರಿತು. ಅಷ್ಟು ಹಗುರ.

"ಯಾರು ಮಾಡ್ಯಾರ್ರಿ ಇದನ್ನ?"

"ಬನಹಟ್ಟ್ಯಾಗ ಮಗ್ಗದ ಸಾಮಾನು ಮಾಡೋ ಬಡಿಗ್ಯಾರು. ಅವ್ರಿಗೆ ಗಿಟಾರ ಗೊತ್ತಿಲ್ರಿ. ಹಳೇ ಗಿಟಾರನ ಆಕಾರ ಕಾಗದದ ಮ್ಯಾಲ ಬರಕೊಂಡು ಒಯ್ದು ಕೊಟ್ಟೆ. ಎಷ್ಟ ಹಗರ ಆಗತೈತಿ ಅಷ್ಟ ಹಗರ ಮಾಡ್ರಿ ಅಂದೆ. ಶಿವನಿ ಕಟ್ಟಿಗಿ ಅಂತ. ಒಳಗ ಟೊಳ್ಳ ಮಾಡ್ಯಾರ. ಇದಕ್ಕೊಂದು ಕುತ್ತಿಗಿ ಬೇಕಾಗೇತ್ರಿ, ಈರಣ್ಣಾರ."

ಗಿಟಾರು ಅವರ ಗಂಡನಿಗೆ. ಗಂಡನ ಹೆಸರು ಬಾಹುಬಲಿ. ಹಗಲು ಒಂದು ಸೊಸೈಟಿಯಲ್ಲಿ ಕೆಲಸ, ಉಳಿದ ಹೊತ್ತು ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು. ಹಿಪ್ಪರಗಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನಿಂದ ರಸ್ತೆಗೆ ಬಿದ್ದಿದ್ದ ಕಬ್ಬಿನ ಮೇಲೆ ಅವರ ಬೈಕು ಜಾರಿತ್ತು. ಕೊರಳ ಬುಡದಿಂದ ಎಡ ಭುಜಕ್ಕೆ ಹೋಗುವ ಎಲುಬು ಮುರಿದು ಪಟ್ಟಿ ಹಾಕಿ ಕೂಡಿಸಿದ್ದರು. ಕೈ ಬೆರಳು ಎಲ್ಲ ನೆಟ್ಟಗಾಗಿದ್ದವು. ಆದರೆ ಆ ಭುಜದ ಮೇಲೆ ಭಾರ ತೂಗುಹಾಕುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಿಟಾರಿನ ಪಟ್ಟಾ ಬರುವುದು ಸರಿಯಾಗಿ ಅದೇ ಎಲುಬಿನ ಮೇಲೆ.

"ಕುಂತ ಬಾರಿಸಬಹುದಲ್ರಿ?" ಅಂದೆ.

"ಮದುವಿ ಮಂಟಪದಾಗ ಎಲ್ಲಾರೂ ಕುಣಿಯೂ ಹೊತ್ತಿಗೆ ಇವ್ರೊಬ್ರು ಖುರ್ಚಿ ಮ್ಯಾಲ ಹೆಂಗ ಕೂಡ್ತಾರ್ರಿ? ಒಂದ್ಸಲ ಹಂಗ ಮಾಡಿದ್ರು. ಮನಿಗೆ ಬಂದು ಗಿಟಾರ ತಗದು ಮಂಚದ ಕೆಳಗ ಇಟ್ರು. ಈಗ ಟಿವ್ಯಾಗ ಹಾಡು ಬಂದ್ರೂ ಎದ್ದು ಹೊರಗ ಹೋಗ್ತಾರ." ಅವರು ಆ ಒಡಲಿನ ಮೇಲೆ ಕೈ ಇಟ್ಟರು. "ಮೊದಲ ಮಾತ ಕಡಿಮಿ. ಈಗ ಅದೂ ಇಲ್ರಿ."

"ನೀವು ಇಲ್ಲಿ ಬಂದದ್ದು ಅವ್ರಿಗೆ ಗೊತ್ತೈತೇನ್ರಿ?"

"ಗೊತ್ತೈತಿ. ಸುಮ್ನ ತ್ರಾಸ ಯಾಕ ಅಂದ್ರು. ತ್ರಾಸ ನಂದು, ನಿಮ್ಮದಲ್ಲ ಅಂದು ಬಂದೇನಿ."

ಒಡಲು ಅವರು ಆರಿಸಿದ್ದು ಸರಿಯಾಗಿತ್ತು. ತೊಡಕು ಅಲ್ಲಿಂದಲೇ ಶುರುವಾಯಿತು. ಒಡಲು ಇಷ್ಟು ಹಗುರವಾದರೆ ಯಾವ ಗಟ್ಟಿ ಕುತ್ತಿಗೆ ಹಾಕಿದರೂ ಅದರ ತುದಿಯ ತಲೆ ನೆಲಕ್ಕೆ ತೂಗುತ್ತದೆ. ತಲೆ ತೂಗಿದರೆ ಬಾರಿಸುವವನು ಎಡಗೈಯಿಂದ ಅದನ್ನು ಎತ್ತಿ ಹಿಡಿಯಬೇಕು. ಆಗ ಭಾರ ಮತ್ತೆ ಬರುವುದು ಅದೇ ಭುಜಕ್ಕೆ. ಗೋಡೆಯ ಮೇಲಿದ್ದ ಹಳೆಯ ಕುತ್ತಿಗೆಯೊಂದನ್ನು ತಾತ್ಕಾಲಿಕವಾಗಿ ಸ್ಕ್ರೂ ಹಾಕಿ ಕೂರಿಸಿ, ಪಟ್ಟಾ ಕಟ್ಟಿ ನನ್ನ ಕೊರಳಿಗೆ ಹಾಕಿಕೊಂಡು ತೋರಿಸಿದೆ. ಕೈ ಬಿಟ್ಟ ಕೂಡಲೇ ತಲೆ ಧಡಕ್ಕನೆ ಕೆಳಗಿಳಿಯಿತು.

ಪದ್ಮಾವತಿಯವರು ಅದನ್ನು ನೋಡಿ ಹೆದರಲಿಲ್ಲ. "ಇದು ತಕ್ಕಡಿ ಆತಲ್ರಿ" ಅಂದರು. "ಕುತ್ತಿಗಿ ತಗೀರಿ. ಒಂದು ತೆಳ್ಳನ್ನ ರೀಪು ಹಚ್ಚರಿ. ತುದಿಗೆ ಉಸುಕಿನ ಚೀಲ ಕಟ್ಟೂಣು. ಎಷ್ಟ ಉಸುಕು ಹಾಕಿದ್ರ ತಲಿ ಬಾಗತೈತಿ ನೋಡೂಣು. ಅದಕ್ಕಿಂತ ಹಗರ ಇರೂ ಕುತ್ತಿಗಿ ಹುಡಕೂದು."

ನಾನು ಕಣ್ಣಳತೆಯಲ್ಲಿ, ಕೈಯಂದಾಜಿನಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಇಂಥ ಸುಲಭದ ದಾರಿ ಇದೆ ಎಂದು ನನಗೆ ಹೊಳೆದಿರಲಿಲ್ಲ. ಇಬ್ಬರೂ ಕೂಡಿ ಚೀಲ ಕಟ್ಟಿದೆವು, ಸುರಿದೆವು, ತೆಗೆದೆವು. ಕೊನೆಗೆ ಒಂದು ತೂಕ ಸಿಕ್ಕಿತು. ಈಗಲೂ ಅಂಗಡಿಯಲ್ಲಿ ಅದೇ ರೀತಿ ಮಾಡುತ್ತಾರೆ. ಹೊಸಬರೇ, ಆ ಉಸುಕಿನ ಚೀಲ ಎಲ್ಲಿಂದ ಬಂತು ಎಂದು ಕೇಳಿದರೆ ತೇರದಾಳದ ಒಬ್ಬ ಗಣಿತದ ಟೀಚರಿಂದ ಎಂದು ಹೇಳಿ.

ತೂಕ ಸಿಕ್ಕಿತು, ಕಟ್ಟಿಗೆ ಸಿಗಬೇಕಲ್ಲ. ಸೀಸಂ ಮಾತೇ ಇರಲಿಲ್ಲ. ಆ ತೂಕಕ್ಕೆ ಬರುತ್ತಿದ್ದದ್ದು ತೂನ್ ಒಂದೇ. ಬಿಲ್ಲಾದ ಗಿಟಾರು ನೆನಪಿತ್ತು. ಆದರೆ ಈಗ ಕುತ್ತಿಗೆಯ ಒಳಗೆ ಉದ್ದಕ್ಕೆ ಲೋಹದ ಸರಳು ಕೂರಿಸುವ ಪದ್ಧತಿ ಬಂದಿದೆ. ಬಾಗಿದರೆ ಸರಳು ತಿರುಗಿಸಿ ನೆಟ್ಟಗೆ ಮಾಡಬಹುದು. ಆ ಧೈರ್ಯದ ಮೇಲೆ ತೂನಿನಲ್ಲೇ ಮಾಡಿದೆ. ತಂತಿ ಬಿಗಿದೆ. ನೆಟ್ಟಗೆ ನಿಂತಿತು. ಬಾಹುಬಲಿಯವರನ್ನು ಕರೆತನ್ನಿ ಎಂದು ಫೋನು ಮಾಡಿದೆ.

ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದರು. ಎಡ ಭುಜ ಒಂದಿಷ್ಟು ಮುಂದಕ್ಕೆ ಬಂದಿತ್ತು. "ಹೆಸರು ಬಾಹುಬಲಿ, ಭುಜ ಹಿಂಗ ನೋಡ್ರಿ" ಎಂದು ತಾವೇ ಹೇಳಿ ನಗಲು ನೋಡಿದರು. ಹೆಂಡತಿ ನಗಲಿಲ್ಲ.

ಗಿಟಾರು ಕೊರಳಿಗೆ ಹಾಕಿಕೊಂಡರು. ತಲೆ ತೂಗಲಿಲ್ಲ. ಪದ್ಮಾವತಿಯವರು ನನ್ನ ಕಡೆ ನೋಡಿದರು. ನನಗೂ ಗೆದ್ದೆ ಅನಿಸಿತು. ಬಾಹುಬಲಿಯವರು ಒಂದು ಹಾಡಿನ ಎಳೆ ಹಿಡಿದರು. ಬೆರಳು ಮರೆತಿರಲಿಲ್ಲ. ಆಮೇಲೆ ಒಂದು ಸ್ವರವನ್ನು ಒತ್ತಿ ಎಳೆದು ನಿಲ್ಲಿಸಬೇಕಾದ ಜಾಗ ಬಂತು. ಸ್ವರ ನಿಲ್ಲಲಿಲ್ಲ, ನಡುಗಿತು. ಮತ್ತೆ ಎಳೆದರು. ಮತ್ತೆ ನಡುಗಿತು. ಅವರು ಕೈ ಇಳಿಸಿದರು.

"ಕುತ್ತಿಗಿ ಹಿಡದ್ರ ಸಾಕು, ಸ್ವರ ಅಳ್ಳಾಡತೈತ್ರಿ" ಅಂದರು. ಸಿಟ್ಟಿಲ್ಲ, ದೂರಿಲ್ಲ. ಪಟ್ಟಾ ಬಿಚ್ಚಿ ಮೇಜಿನ ಮೇಲೆ ಮೆತ್ತಗೆ ಇಟ್ಟರು. "ನೀವು ಭಾಳ ಕಷ್ಟ ಪಟ್ಟೀರಿ. ಸಾಕ್ರಿ ಇನ್ನ. ನಡಿ ಪದ್ಮಾ."

ಅವರು ಹೊರಗೆ ಹೋದ ಮೇಲೂ ಪದ್ಮಾವತಿಯವರು ಅಲ್ಲೇ ನಿಂತರು. "ಈರಣ್ಣಾರ, ನಡಗಲಾರದ ಕುತ್ತಿಗಿ ಹಗರ ಇರಂಗಿಲ್ಲೇನ್ರಿ?" ಎಂದು ಕೇಳಿದರು. ಹುಡುಕುತ್ತೇನೆ ಅಂದೆ.

ತೂನ್ ಮೆದು, ತಂತಿಯ ಎಳೆತವನ್ನು ತಡೆದರೂ ಕೈಯ ಒತ್ತಡವನ್ನು ತಡೆಯಲಿಲ್ಲ. ಬೇಕಾಗಿದ್ದದ್ದು ಸಾಗವಾನಿ. ಹೊಸ ಸಾಗವಾನಿ ಅಲ್ಲ, ಅದು ಭಾರ ಮತ್ತು ಇನ್ನೂ ಹಿಗ್ಗುತ್ತ ಕುಗ್ಗುತ್ತ ಆಡುತ್ತಿರುತ್ತದೆ. ಎಷ್ಟೋ ಬೇಸಿಗೆ ಕಂಡು, ಒಳಗಿನ ನೀರೆಲ್ಲ ಹೋಗಿ, ಬಿಗಿ ಮಾತ್ರ ಉಳಿದಿರುವ ಹಳೆಯ ಸಾಗವಾನಿ. ಎಳೆಗಳು ತುದಿಯಿಂದ ತುದಿಗೆ ನೇರವಾಗಿ ಓಡಿರಬೇಕು. ತುದಿಯಲ್ಲಿ ಅಡ್ಡ ಕೊಯ್ದು ನೋಡಿದರೆ ವರ್ಷದ ಗೆರೆಗಳು ನಿಂತಿರಬೇಕು, ಮಲಗಿರಬಾರದು. ನಿಂತ ಗೆರೆಯ ಕಟ್ಟಿಗೆ ತಿರುಚಿಕೊಳ್ಳುವುದಿಲ್ಲ. ಇಂಥದನ್ನು ಹುಡುಕಿಕೊಂಡು ಬೀಳಗಿಗೆ ಹೋದೆ.

ಅಲ್ಲಿ ಕಾಶವ್ವ ಎಂಬ ಹೆಣ್ಣುಮಗಳ ಹಳೆ ಕಟ್ಟಿಗೆಯ ಅಡ್ಡೆ ಇದೆ. ಅಣೆಕಟ್ಟಿನ ಹಿನ್ನೀರು ಬರುವ ಮುಂಚೆ ಬಿಚ್ಚಿದ ಮನೆಗಳ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಸುತ್ತಿ ಸುಳಿದು ಅವಳ ಹತ್ತಿರ ಬಂದು ಸೇರಿದ್ದವು. ನಾನು ಒಂದೊಂದನ್ನೇ ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದೆ. ಒಂದು ಒಡೆದಿತ್ತು, ಒಂದಕ್ಕೆ ಗೆದ್ದಲು ಹತ್ತಿತ್ತು, ಒಂದು ನೆಟ್ಟಗಿತ್ತು ಆದರೆ ಗೆರೆಗಳು ಮಲಗಿದ್ದವು.

"ಈರಣ್ಣಾ, ಮುಂಜಾನಿಂದ ಬಡದಽ ಬಡದಽ ನೋಡಾಕತ್ತಿ. ಬಾಗಲಾ ತಗೀರಿ ಅಂತ ಒಳಗ ಯಾರನ್ನರೆ ಕರ್ಯಾಕತ್ತಿಯೇನ?" ಎಂದು ಕಾಶವ್ವ ನಕ್ಕಳು. "ಬಾ, ಚಾ ಕುಡಿ."

ಅಡ್ಡೆಯ ಬಾಗಿಲಲ್ಲಿ ಎರಡು ಕಲ್ಲಿನ ಮೇಲೆ ಒಂದು ತುಂಡು ತೊಲೆ ಇಟ್ಟು ಬಂದವರು ಕೂರಲು ಜಾಗ ಮಾಡಿದ್ದಳು. ವರ್ಷಗಳಿಂದ ನಾನೂ ಅಲ್ಲೇ ಕೂತು ಚಹ ಕುಡಿಯುತ್ತಿದ್ದೆ. ಅವತ್ತೂ ಕೂತೆ. ಕುಡಿದು ಕಪ್ಪನ್ನು ಪಕ್ಕಕ್ಕೆ ಇಟ್ಟೆ. ಕಪ್ಪು ಇಟ್ಟ ಸದ್ದು ನಿಲ್ಲಲಿಲ್ಲ. ಸಣ್ಣಗೆ, ಸ್ವಚ್ಛವಾಗಿ ಒಂದು ಕ್ಷಣ ಮುಂದುವರಿದು ಆಮೇಲೆ ಅಡಗಿತು. ಮತ್ತೆ ಕಪ್ಪು ಎತ್ತಿ ಇಟ್ಟೆ. ಮತ್ತೆ ಅದೇ.

"ಏಳ್ರಿ" ಅಂದೆ, ಅದೇ ತೊಲೆಯ ಮೇಲೆ ಪಕ್ಕದಲ್ಲಿ ಕೂತಿದ್ದ ಗಿರಾಕಿಗೆ.

"ಯಾಕ್ರಿ, ಏನಾತು? ಹಾವೇನ್ರಿ?"

"ಹಾವಲ್ರಿ. ಕುತ್ತಿಗಿ."

ತೊಲೆಯ ತುದಿಯನ್ನು ಉಗುಳು ಹಚ್ಚಿ ಒರೆಸಿ ನೋಡಿದೆ. ಗೆರೆಗಳು ಬಾಚಣಿಗೆಯ ಹಲ್ಲಿನಂತೆ ನಿಂತಿದ್ದವು. ಕಾಶವ್ವ ಬೇಡ ಅನ್ನಲಿಲ್ಲ. ಬೇರೆ ತೊಲೆ ಎಳೆಸಿ ಅಲ್ಲಿ ಇಡಿಸಿ, "ಹೋಗ, ನಿನ್ನ ಖುರ್ಚಿ ನೀನ ಹೊತ್ತಗೊಂಡ ಹೋಗ" ಅಂದಳು.

ಆ ತುಂಡಿನಲ್ಲಿ ಒಂದೇ ಕುತ್ತಿಗೆಗೆ ಆಗುವಷ್ಟು ಒಳ್ಳೆಯ ಭಾಗ ಇತ್ತು. ತಪ್ಪಿದರೆ ಇನ್ನೊಂದಿಲ್ಲ. ಕೊಯ್ಯುವ ಮುಂಚೆ ಅಯಸ್ಕಾಂತ ಹಿಡಿದು ಮೇಲೆಲ್ಲ ಸವರಿ ಮೊಳೆ ಹುಡುಕಿದ್ದೆ. ಏನೂ ಸಿಕ್ಕಿರಲಿಲ್ಲ. ಆದರೂ ಹೆರೆಯುತ್ತಿರುವಾಗ ಕರ್ ಎಂದು ರಂದಾದ ಅಲಗಿನ ಅಂಚು ಮುರಿಯಿತು. ಆಳದಲ್ಲಿ ತಲೆಯಿಲ್ಲದ ಹಳೆಯ ಮೊಳೆಯ ತುಂಡು. ಅದರ ಸುತ್ತ ಮಸಿಯಂತೆ ಕರಿ. ರಂದಾ ಕೆಳಗಿಟ್ಟೆ. ಕರಿ ಎಷ್ಟು ದೂರ ಹೋಗಿದೆ ಎಂದು ಮೇಲಿಂದ ಹೇಳಲು ಬರುವುದಿಲ್ಲ. ನಡುವಿನವರೆಗೆ ಹೋಗಿದ್ದರೆ ಎಲ್ಲ ಮುಗಿದಂತೆ.

ಸುರೇಖಾ ಬಂದು ನೋಡಿದಳು. "ಕಾಕಾ, ತಡೀರಿ. ಕುತ್ತಿಗಿ ಒಂದ ತುಂಡಿನಾಗ ಯಾಕ ಮಾಡಬೇಕು? ಉದ್ದಕ ಎರಡ ಪಟ್ಟಿ ತಗಿಯೂಣು. ಕರಿ ಹೋದದ್ದನ್ನ ನಡುವಿಂದ ತಗದ ಒಗಿಯೂಣು. ಆ ಜಾಗಕ್ಕ ಸೀಸಂದ ತೆಳ್ಳನ್ನ ಪಟ್ಟಿ ಇಟ್ಟು ಅಂಟಸೂಣು."

ಹಾಗೆ ಮಾಡಿದೆವು. ಗರಗಸ ದಾಟಿ ಎರಡು ಹೋಳು ಬೇರೆಯಾದಾಗ ಒಳಮೈ ನೋಡಲು ನನಗೆ ಧೈರ್ಯವಾಗದೆ ಸುರೇಖಾಳ ಮುಖ ನೋಡಿದೆ. ಅವಳ ಮುಖ ಅರಳಿತು. ಕರಿ ಅರ್ಧ ಬೆರಳಿನಷ್ಟು ಅಗಲದ ಪಟ್ಟಿಯಲ್ಲೇ ನಿಂತಿತ್ತು. ಉಳಿದದ್ದು ಜೇನಿನ ಬಣ್ಣದ ಶುದ್ಧ ಸಾಗವಾನಿ. ನಾನು ಅಲ್ಲೇ ನೆಲದ ಮೇಲೆ, ಹೊಟ್ಟಿನಲ್ಲೇ ಕೂತುಬಿಟ್ಟೆ. ಸೀಸಂ ಪಟ್ಟಿ ನಡುವೆ ಬಂದದ್ದರಿಂದ ಕುತ್ತಿಗೆಗೆ ನಾನು ಬಯಸಿದ್ದಕ್ಕಿಂತ ಹೆಚ್ಚು ಬಿಗಿ ಬಂತು. ಪಟ್ಟಿ ತೆಳುವಾದ್ದರಿಂದ ಭಾರ ಏರಲಿಲ್ಲ. ಆ ಮೊಳೆ ಇರದಿದ್ದರೆ ನಮಗೆ ಇದು ಹೊಳೆಯುತ್ತಿರಲಿಲ್ಲ.

ಅಂಟಿಸುವ ದಿನ ಪದ್ಮಾವತಿಯವರು ಬಂದಿದ್ದರು. ಒಲೆಯ ಮೇಲಿದ್ದ ಡಬ್ಬಿ ನೋಡಿ, "ಏನ್ರಿ ಅದು ಕುದಿಯಾಕತ್ತಿದ್ದು?" ಎಂದರು.

"ಸರೇಸು. ಅಂಟು."

"ಯಾತರದ್ದು?"

"ತೊಗಲಿಂದು, ಎಲುಬಿಂದು."

ಅವರು ಹಿಂದೆ ಸರಿದರು. "ಹಂಗಾರ ನಮಗ ಅದು ಬ್ಯಾಡ್ರಿ. ನಮ್ಮ ಮನ್ಯಾಗ ಅದನ್ನ ಕೈಯಾಗ ಹಿಡಿಯಂಗಿಲ್ಲ."

ಜೈನರ ಮನೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಸರೇಸು ಯಾವುದರಿಂದ ಆಗುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ಯೋಚಿಸಿರಲಿಲ್ಲ. ತಂತಿಗಳು ತಲೆಯ ಬುಡದಲ್ಲಿ ಕೂರುವ ಸಣ್ಣ ಪಟ್ಟಿಯನ್ನೂ ನಾವು ಎಲುಬಿನಿಂದ ಮಾಡುತ್ತೇವೆ ಎಂದು ಹೇಳಿಬಿಟ್ಟೆ. ಅದೂ ಬೇಡವಾಯಿತು. ಪಟ್ಟಿಯನ್ನು ಹಿತ್ತಾಳೆಯಿಂದ ಮಾಡಿದೆ. ಅಂಟಿಗೆ ಸುರೇಖಾ ಎರಡು ಕೊಳವೆಗಳಿಂದ ಹಿಂಡಿ ಕಲಸುವ ಹೊಸ ಅಂಟು ತಂದಳು. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇರುತ್ತದೆ. ಹೆರೆದ ಮೇಲೆ ಸ್ಪಿರಿಟ್ಟಿನಿಂದ ಒರೆಸಿ ತಡಮಾಡದೆ ಅಂಟಿಸಬೇಕು, ಇಲ್ಲದಿದ್ದರೆ ಬಿಡುತ್ತದೆ. ಸರೇಸಿಗಿಂತ ಆ ಹೊಸ ಅಂಟೇ ಅದನ್ನು ಗಟ್ಟಿಯಾಗಿ ಹಿಡಿಯಿತು. ಅವರು ಬೇಡ ಎಂದದ್ದು ನಮಗೇ ಒಳ್ಳೆಯದಾಯಿತು. ಗಿರಾಕಿಯ ಮನೆಯ ರೀತಿ ನೀತಿ ಕೇಳದೆ ಕೆಲಸ ಶುರುಮಾಡಬೇಡಿ. ಅದೂ ಅಳತೆಯೇ.

ಚಳಿಗಾಲದಲ್ಲಿ ಕುತ್ತಿಗೆ ಸಿದ್ಧವಾಯಿತು. ಕೂಡಲೇ ಕೊಡಬಹುದಿತ್ತು, ನಾನು ಕೊಡಲಿಲ್ಲ. ಕೊಟ್ಟ ಮೇಲೆ ಕುತ್ತಿಗೆ ತಿರುಚಿಕೊಂಡರೆ ಆ ಮನುಷ್ಯ ಮತ್ತೊಮ್ಮೆ ಗಿಟಾರು ಕೆಳಗಿಟ್ಟಾರು, ಆಮೇಲೆ ಎತ್ತಲಾರರು ಎಂಬ ಭಯ. ತಂತಿ ಬಿಗಿದು ಅಟ್ಟದ ಮೇಲೆ, ತಗಡಿನ ಕೆಳಗೆ ತೂಗುಹಾಕಿದೆ. ಮಾರ್ಚ್ ಬಂತು, ಏಪ್ರಿಲ್ ಬಂತು. ಮೇ ತಿಂಗಳಲ್ಲಿ ತಗಡಿನ ಕೆಳಗೆ ಕೈ ಇಡಲಾಗದಷ್ಟು ಕಾಯುತ್ತಿತ್ತು. ಆಗಾಗ ಏಣಿ ಹತ್ತಿ ಕುತ್ತಿಗೆಯ ಉದ್ದಕ್ಕೆ ದಾರ ಎಳೆದು ಹಿಡಿದು ನೋಡುತ್ತಿದ್ದೆ. ದಾರಕ್ಕೂ ಕಟ್ಟಿಗೆಗೂ ನಡುವೆ ಬೆಳಕು ಹೆಚ್ಚಾಗಿದೆಯೇ ಎಂದು. ಆಗಿರಲಿಲ್ಲ. ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳ ತುದಿಗಳನ್ನು ಬೆರಳಿಂದ ಸವರುತ್ತಿದ್ದೆ. ಕಚ್ಚುತ್ತಿರಲಿಲ್ಲ. ಪದ್ಮಾವತಿಯವರು ಫೋನು ಮಾಡಿ "ಹೆಂಗೈತ್ರಿ?" ಅನ್ನುವರು. "ಇನ್ನ ಬಿಸಲ ಕಾಯಾಕತ್ತೇತ್ರಿ" ಅನ್ನುತ್ತಿದ್ದೆ.

ಮೊದಲ ಮಳೆ ಬಿದ್ದ ಮೇಲೆ ಇಬ್ಬರೂ ಬಂದರು. ಬಾಹುಬಲಿಯವರ ಮುಖದಲ್ಲಿ ಆಸೆ ಇರಲಿಲ್ಲ. ಹೆಂಡತಿಯ ಮಾತಿಗೆ ಬಂದಿದ್ದರು. ನಾನೇ ಪಟ್ಟಾವನ್ನು ಅವರ ಭುಜದ ಮೇಲೆ ಏರಿಸಿದೆ. ಅಗಲವಾದ ಹತ್ತಿಯ ಪಟ್ಟಾ, ಬನಹಟ್ಟಿಯಲ್ಲೇ ನೇಯಿಸಿದ್ದು. ಅವರು ರೂಢಿಯಂತೆ ಎಡಗೈಯಿಂದ ಕುತ್ತಿಗೆಯನ್ನು ಎತ್ತಿ ಹಿಡಿದು ನಿಂತರು.

"ಬಿಡ್ರಿ" ಅಂದರು ಪದ್ಮಾವತಿ.

"ಬೀಳತೈತಿ."

"ಬಿದ್ರ ಈರಣ್ಣಾರು ಹಿಡೀತಾರ. ಎರಡೂ ಕೈ ಬಿಡ್ರಿ."

ನಾನು ನಿಜವಾಗಿಯೂ ಕೆಳಗೆ ಕೈಚಾಚಿ ನಿಂತಿದ್ದೆ. ಅವರು ಮೊದಲು ಬೆರಳು ಸಡಿಲಿಸಿದರು, ಆಮೇಲೆ ಅಂಗೈ, ಆಮೇಲೆ ಎರಡೂ ಕೈಗಳನ್ನು ಪಕ್ಕಕ್ಕೆ ಇಳಿಸಿದರು. ಗಿಟಾರು ಅಲುಗಲಿಲ್ಲ. ಎದೆಗೆ ಅಡ್ಡಲಾಗಿ, ಯಾರೋ ಕಾಣದವರು ಹಿಡಿದಂತೆ ನಿಂತಿತು. ಬಳಿಕ ಅವರು ಬಾರಿಸಿದರು. ಹಿಂದೆ ನಡುಗಿದ್ದ ಅದೇ ಸ್ವರಕ್ಕೆ ಬಂದು ಎಳೆದರು. ಅದು ಏರಿ, ನಿಂತು, ಅವರು ಬಿಡುವವರೆಗೆ ಕಾದು ಇಳಿಯಿತು. ಅವರು ಅದನ್ನು ಮತ್ತೊಮ್ಮೆ ಬಾರಿಸಿದರು. ಮತ್ತೊಮ್ಮೆ. ಪದ್ಮಾವತಿಯವರು ಗೋಡೆಯ ಕಡೆ ತಿರುಗಿ ಅಲ್ಲಿದ್ದ ಹಾರ್ಮೋನಿಯಂ ಒಂದನ್ನು ಬಹಳ ಹೊತ್ತು ನೋಡುತ್ತ ನಿಂತರು.

"ಈರಣ್ಣಾರ, ಇದು ಖರೆನ ನಿಂತೈತ್ರಿ" ಅಂದರು ಬಾಹುಬಲಿ.

ಕೆಲವು ದಿನಗಳ ಮೇಲೆ ಹುನ್ನೂರಿನಲ್ಲಿ ಒಂದು ಮದುವೆಗೆ ಅವರ ಆರ್ಕೆಸ್ಟ್ರಾ ಇತ್ತು. ಮಧ್ಯಾಹ್ನದ ಕಾರ್ಯಕ್ರಮ. ನನ್ನನ್ನೂ ಕರೆದಿದ್ದರು. ನಾನು ಹೋದದ್ದು ಹಾಡು ಕೇಳಲು ಅಲ್ಲ, ಆ ಭುಜ ನೋಡಲು. ಊಟದ ಪಂಕ್ತಿಯ ಪಕ್ಕದ ಕಂಬಕ್ಕೆ ಆತು ನಿಂತು ನೋಡುತ್ತಿದ್ದೆ. ಒಂದು ಹಾಡು, ಎರಡು ಹಾಡು, ಹುಡುಗರ ಕುಣಿತ, ಮತ್ತೆ ಹಾಡು. ನಡುನಡುವೆ ಅವರು ಭುಜ ಮುಟ್ಟಿಕೊಳ್ಳುತ್ತಾರೇನೋ ಎಂದು ಕಾದೆ. ಮುಟ್ಟಿಕೊಳ್ಳಲಿಲ್ಲ. ಕುಣಿಯುವವರ ಜೊತೆ ತಾವೂ ಎರಡು ಹೆಜ್ಜೆ ಹಾಕಿದರು.

ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗುವ ಮುಂಚೆ ಉಣ್ಣುವ ಮನೆಯವರಾದ್ದರಿಂದ ಪದ್ಮಾವತಿಯವರು ಡಬ್ಬಿ ತಂದು ವೇದಿಕೆಯ ಹಿಂದೆ ಬಿಚ್ಚಿದರು. ಬಾಹುಬಲಿಯವರು ಬೆವರು ಒರೆಸುತ್ತ ಬಂದು ಚಾಪೆಯ ಮೇಲೆ ಕೂತು, ರೊಟ್ಟಿ ಮುರಿದು ಪಲ್ಯಕ್ಕೆ ಕೈ ಹಾಕಿದರು. ಆರ್ಕೆಸ್ಟ್ರಾದ ಹಾಡುಗಾರನ ಜೊತೆ ಮುಂದಿನ ಹಾಡಿನ ಬಗ್ಗೆ ಜೋರಾಗಿ ವಾದ ಮಾಡುತ್ತಿದ್ದರು. ನಾನು ಅಲ್ಲಿಯವರೆಗೆ ಅವರ ಬಾಯಲ್ಲಿ ಅಷ್ಟು ಮಾತು ಕೇಳಿರಲಿಲ್ಲ.

"ಅಯ್ಯ, ಉಣ್ಣೂ ಹೊತ್ತಿಗರೆ ಅದನ್ನ ಇಳಸ್ರಿ" ಅಂದರು ಪದ್ಮಾವತಿ.

ಬಾಹುಬಲಿಯವರು ತುತ್ತು ಹಿಡಿದ ಕೈಯನ್ನು ಬಾಯಿಯ ಹತ್ತಿರ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು.

"ಯಾವದನ್ನ?"

ಗಿಟಾರು ಅವರ ಕೊರಳಲ್ಲೇ ಇತ್ತು.